ದನದ ಬಾಯಿಗೆ ಕೈ ಹಾಕಿದವರು

ದನದ ಡಾಕ್ಟರನಾದವನನ್ನು ನಗು ಬರಿಸುವಂಥ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ತೊಂದರೆ ಏನೆಂದರೆ, ಅವು ಬರುವ ಹೊತ್ತಿಗೆ ಎದುರಿನಲ್ಲಿ ಒಂದು ಪ್ರಾಣಿ ಸಾಯುತ್ತಾ ಇರುತ್ತದೆ. ಹಾಗಾಗಿ ನಾನು ನಗುವುದು ಸಾಮಾನ್ಯವಾಗಿ ಕೆಲವು ತಿಂಗಳು ತಡವಾಗಿ, ಮನೆಯಲ್ಲಿ, ಒಬ್ಬನೇ. ಹೆಂಡತಿಗೆ ಇದು ಅಭ್ಯಾಸವಾಗಿದೆ. ಊಟದ ನಡುವೆ ನಾನು ಸುಮ್ಮನೆ ನಕ್ಕರೆ "ಯಾವ ದನ?" ಎಂದಷ್ಟೇ ಕೇಳುತ್ತಾಳೆ.

ಇಲ್ಲಿ ಹೇಳುವುದೆಲ್ಲ ಒಂದೇ ದನದ ಸುತ್ತ ನಡೆದದ್ದು. ಮನೆಯವರ ಹೆಸರು ಬೇಡ. ನೆರಿಯದ ಕಡೆ, ಕಾಡಿನ ಅಂಚಿನಲ್ಲಿ ಎಂದರೆ ಸಾಕು.

೧. ಮೂರು ಕುರ್ಚಿ, ಒಬ್ಬ ಡಾಕ್ಟರ್

ನನ್ನ ಮನೆ ಮೆಲ್ಕಾರಿನಲ್ಲಿ. ಕೆಲಸ ಬೆಳ್ತಂಗಡಿ ತಾಲೂಕಿನ ಒಂದು ಪಶು ಆಸ್ಪತ್ರೆಯಲ್ಲಿ. ಬಂಟ್ವಾಳದ ಕಡೆ ಒಬ್ಬರು ಡಾಕ್ಟರು ನಿವೃತ್ತರಾದರು, ಆ ಜಾಗಕ್ಕೆ ಯಾರೂ ಬರಲಿಲ್ಲ, ಪ್ರಭಾರ ನನಗೆ ಬಂತು. ಮೂಡಬಿದ್ರೆಯ ಕಡೆ ಇನ್ನೊಬ್ಬರು ವರ್ಗವಾಗಿ ಹೋದರು, ಅದೂ ನನಗೇ ಬಂತು, ವಾರಕ್ಕೆ ಒಂದು ದಿನ. ನಾನು ಯಾವ ದಿನ ಎಲ್ಲಿರುತ್ತೇನೆ ಎಂದು ಮೂರೂ ಬಾಗಿಲುಗಳಿಗೆ ಚೀಟಿ ಅಂಟಿಸಿದ್ದೇನೆ. ಅದನ್ನು ನೋಡಿಕೊಂಡು ಕಾಯಿಲೆ ಬೀಳಬೇಕೆಂದು ದನಗಳಿಗೆ ತಿಳಿಸುವ ವ್ಯವಸ್ಥೆ ಮಾತ್ರ ಇನ್ನೂ ಆಗಿಲ್ಲ.

ಪರಿಣಾಮ ಏನಾಯಿತೆಂದರೆ, ಮೂರೂ ಕಡೆ ನಾನು ಸದಾ ರಜೆ ಹಾಕುವ ಡಾಕ್ಟರ್ ಎಂದೇ ಪ್ರಸಿದ್ಧನಾದೆ. ಮೂಡಬಿದ್ರೆಯಲ್ಲಿ ಆಡು ಹಿಡಿದುಕೊಂಡು ಬಂದ ಹಿರಿಯರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು:

"ವಾರದಲ್ಲಿ ಒಂದು ದಿನ ಬಂದರೂ ಪೂರಾ ಸಂಬಳ ಕೊಡ್ತಾರಾ ಡಾಕ್ಟ್ರೇ?"

"ಕೊಡ್ತಾರೆ" ಎಂದೆ. ವಿವರಿಸುವ ತ್ರಾಣ ಇರಲಿಲ್ಲ.

"ನನ್ನ ಅಳಿಯ ಮನೆಯಲ್ಲೇ ಕೂತಿದ್ದಾನೆ. ಅವನಿಗೂ ಇಂಥದ್ದೊಂದು ನೋಡಿ ಮಾರಾಯ್ರೆ."

೨. ದನ ಕಾಣದ ವಿಡಿಯೊ

ಡಾಕ್ಟರು ಸಿಗದ ಊರಿನಲ್ಲಿ ವಿಡಿಯೊ ಹುಟ್ಟಿಕೊಳ್ಳುತ್ತದೆ. ದನ ಕೆಮ್ಮಿದರೂ ವಿಡಿಯೊ, ಕುಂಟಿದರೂ ವಿಡಿಯೊ. ಹೊತ್ತು ಮುಳುಗುವಷ್ಟರಲ್ಲಿ ನನ್ನ ಮೊಬೈಲಿನ ತುಂಬ ದನಗಳ ಹಿಂಭಾಗವಿರುತ್ತದೆ.

ಆ ಊರಿನಿಂದ ವಿಡಿಯೊ ಕಳಿಸುತ್ತಿದ್ದವರು ಬೊಂಬಾಯಿ ಮಾವ. ಇಡೀ ಊರೇ ಅವರನ್ನು ಹಾಗೆ ಕರೆಯುತ್ತದೆ. ಬಹಳ ವರ್ಷ ಬೊಂಬಾಯಿಯಲ್ಲಿ ಹೋಟೆಲು ನಡೆಸಿ, ಮಕ್ಕಳಿಗೆ ಬಿಟ್ಟುಕೊಟ್ಟು, ಊರಿಗೆ ಮರಳಿದವರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಚಿನ್ನದ ಬಣ್ಣದ ವಾಚು. ಅವರ ಮನೆಯಲ್ಲಿ ದನ ಇಲ್ಲ. ಆದರೆ ಊರಿನ ಎಲ್ಲ ದನಗಳ ವಿಷಯದಲ್ಲೂ ಅವರದೇ ಕೊನೆಯ ಮಾತು.

ಅಂದು ಬಂದ ವಿಡಿಯೊದಲ್ಲೂ ಇದ್ದದ್ದು ಅವರ ಮುಖ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಬಿಡಿಸಿದ ಕೊಡೆ. ನಾನು ಸರ್ಕಾರದ ಮನುಷ್ಯನಾದ್ದರಿಂದ ತುಳು ಬಿಟ್ಟು ಶುದ್ಧ ಕನ್ನಡದಲ್ಲಿ ಶುರುಮಾಡಿದ್ದರು: "ಡಾಕ್ಟ್ರೇ, ನಮಸ್ಕಾರ. ಇಲ್ಲಿ ನಮ್ಮ ನೆರೆಮನೆಯಲ್ಲಿ ಒಂದು ದನ ಉಂಟು. ನಿನ್ನೆಯಿಂದ ಹುಲ್ಲು ಮುಟ್ಟುವುದಿಲ್ಲ. ಗಂಟಲಿನಲ್ಲಿ ಹಲಸಿನ ಬೀಜ ಸಿಕ್ಕಿಕೊಂಡಿದೆ. ನಾನೇ ಕೈ ಹಾಕಿ ನೋಡಿದ್ದೇನೆ, ಮಣಿಗಂಟಿನವರೆಗೆ. ಬೀಜ ಬೆರಳಿಗೆ ತಾಗ್ತದೆ, ಹಿಡಿಯಲಿಕ್ಕೆ ಸಿಗುವುದಿಲ್ಲ."

ಅವರು ಕೊಡೆ ಸರಿಮಾಡಿಕೊಳ್ಳುವಾಗ ಕಿವಿಯ ಹಿಂದೆ ದನ ಒಂದು ಕ್ಷಣ ಕಂಡಿತು. ಬಾಯಿ ಅರ್ಧ ತೆರೆದಿತ್ತು. ಜೊಲ್ಲು ನೆಲದವರೆಗೆ ಇಳಿದಿತ್ತು. ಕೂಗಲು ಕತ್ತು ಚಾಚಿದರೆ ಸ್ವರ ಒಡೆದು ಬರುತ್ತಿತ್ತು. ಕೂಡಲೇ ಧ್ವನಿಸಂದೇಶ ಕಳಿಸಿದೆ: "ಯಾರೂ ಆ ದನದ ಬಾಯಿಗೆ ಕೈ ಹಾಕಬೇಡಿ. ನಾನು ಬರ್ತೇನೆ."

ಮಾವ ಅದನ್ನು ಊರಿನ ಗುಂಪಿಗೆಲ್ಲ ಕಳಿಸಿದರು. ಎಲ್ಲರೂ ಕೇಳಿದರು. ಡಾಕ್ಟ್ರು ಬೇಡ ಅನ್ನುವಂಥದ್ದು ಅದರ ಬಾಯಿಯಲ್ಲಿ ಎಂತ ಉಂಟು ಎಂದು ನೋಡಲಿಕ್ಕೆ ಆಮೇಲೆ ಇಬ್ಬರು ಕೈ ಹಾಕಿದರಂತೆ.

೩. ಕೈಗಳು ಮಾಯವಾದದ್ದು

ನಮ್ಮ ಕಡೆ ಒಂದು ಪದ್ಧತಿ ಉಂಟು. ಮನುಷ್ಯರು ಹುಷಾರಿಲ್ಲದೆ ಮಲಗಿದರೆ ನೆರೆಯವರು ಕಿತ್ತಳೆ ಹಿಡಿದುಕೊಂಡು ನೋಡಲು ಬರುತ್ತಾರೆ. ದನ ಮೇವು ಬಿಟ್ಟರೆ ತೋಳು ಮಡಚಿಕೊಂಡು ಬರುತ್ತಾರೆ. ಬಾಯಿಗೆ ಒಮ್ಮೆ ಕೈ ಹಾಕಿ, ಗಂಟಲು ತಡವಿ, ಅಭಿಪ್ರಾಯ ಹೇಳಿ ಹೋಗದಿದ್ದರೆ ನೆರೆಕರೆಯ ಮರ್ಯಾದೆ ಉಳಿಯುವುದಿಲ್ಲ.

ನಾನು ಹೋದಾಗ ಅಂಗಳ ತುಂಬಿತ್ತು. ಮನೆಯ ಯಜಮಾನಿ ಅರುವತ್ತು ದಾಟಿದ ಹೆಂಗಸು. ಮಗ ಗಲ್ಫಿನಲ್ಲಿ. ಮನೆಯಲ್ಲಿ ಅವರು ಮತ್ತು ಸೊಸೆ, ಇಬ್ಬರೇ. ಮದುವೆಯಾಗಿ ಬಹಳ ವರ್ಷದ ಮೇಲೆ ಸೊಸೆಗೆ ಬಸಿರು ನಿಂತಿತ್ತು, ಹೊಟ್ಟೆ ಆಗಲೇ ಕಾಣುತ್ತಿತ್ತು.

ಒಬ್ಬೊಬ್ಬರೇ ನನಗೆ ವರದಿ ಒಪ್ಪಿಸಿದರು. ಹಾಲಿನ ಸೊಸೈಟಿಯ ಕಾರ್ಯದರ್ಶಿಗೆ ಒಳಗೆ ತೆಂಗಿನ ನಾರು ಸಿಕ್ಕಿತ್ತು. ರಬ್ಬರ್ ಟ್ಯಾಪಿಂಗ್ ಮಾಡುವವನಿಗೆ ಪ್ಲಾಸ್ಟಿಕ್ ತಾಗಿತ್ತು. ಚಾ ಅಂಗಡಿಯ ಕಾಕ ಮಾತ್ರ "ನನಗೆ ಎಂತದೂ ಸಿಗ್ಲಿಲ್ಲ, ನಾಲಗೆ ಒಂದು ಉಂಟು" ಎಂದರು. ಬೊಂಬಾಯಿ ಮಾವ ದನದ ಹಟ್ಟಿಯಿಂದ ಸಾಕಷ್ಟು ದೂರದಲ್ಲಿ, ಸೊಪ್ಪಿನ ರಾಶಿಯ ಆಚೆ, ಕೊಡೆಯ ಕೆಳಗೆ ನಿಂತು ಎಲ್ಲರ ಮಾತನ್ನೂ ತಿದ್ದುತ್ತಿದ್ದರು.

ದನ ನನ್ನನ್ನು ನೋಡಿ ಕಂಬಕ್ಕೆ ತಲೆ ಗುದ್ದಿತು. ಹಿಂದಿನ ಕಾಲು ಎಳೆಯುತ್ತಿತ್ತು. ನಾನು ಯಜಮಾನಿಯ ಹತ್ತಿರ ಕೇಳಿದೆ:

"ಇದಕ್ಕೆ ನಾಯಿ ಕಚ್ಚಿದ್ದುಂಟಾ?"

"ನಮ್ಮ ನಾಯಿ ಹಾಗೆಲ್ಲ ಕಚ್ಚುವುದಿಲ್ಲ ಡಾಕ್ಟ್ರೇ."

"ಕಚ್ಚಿತ್ತಾ?"

"ಒಮ್ಮೆ ಮೂತಿಗೆ ಬಾಯಿ ಹಾಕಿತ್ತು. ಆಮೇಲೆ ಯಾರಿಗೂ ಕಚ್ಚಲಿಲ್ಲ."

"ನಾಯಿ ಎಲ್ಲಿ?"

"ಅದು ಸತ್ತಿತಲ್ಲ. ಎರಡೇ ದಿನಕ್ಕೆ."

"ಇದು ಹುಚ್ಚುನಾಯಿ ರೋಗ" ಎಂದೆ. "ದನಕ್ಕೆ ಇನ್ನು ಮದ್ದಿಲ್ಲ. ನಿಮಗೆ ಉಂಟು, ಆದರೆ ಈಗಲೇ. ಯಾರೆಲ್ಲ ಬಾಯಿಗೆ ಕೈ ಹಾಕಿದ್ದೀರಿ, ಮುಂದೆ ಬನ್ನಿ."

ಕಾರ್ಯದರ್ಶಿ ತಾನು ಬಾಲ ಹಿಡಿದದ್ದು ಮಾತ್ರ ಎಂದರು. ಟ್ಯಾಪಿಂಗಿನವನು ತಾನು ಬಂದದ್ದೇ ಈಗ ಎಂದ. ಕಾಕ "ನಾನು ನಾಲಗೆಯನ್ನು ದೂರದಿಂದ ನೋಡಿದ್ದು" ಎಂದರು. ಸ್ವಲ್ಪ ಹೊತ್ತಿನ ಹಿಂದೆ ದನದ ಬಾಯಿ ತುಂಬ ಊರಿನವರ ಕೈಗಳಿದ್ದವು. ಈಗ ಆ ಅಂಗಳದಲ್ಲಿ ಒಬ್ಬರಿಗೂ ಕೈಯೇ ಇರಲಿಲ್ಲ.

ಒಬ್ಬರು ಮಾತ್ರ ಕದಲಲಿಲ್ಲ. ಸೊಪ್ಪಿನ ರಾಶಿಯ ಆಚೆಯಿಂದ ಗಂಭೀರವಾದ ಸ್ವರ ಬಂತು: "ನಾನು ಹಾಕಿದ್ದೇನೆ. ಮೊಣಕೈವರೆಗೆ. ನೋಡಿ, ಎಂತ ಆಗಿದೆ ನನಗೆ?"

೪. ಸೊಸೆಯ ಕೈ

ಎಲ್ಲರೂ ಕೈ ಅಡಗಿಸುತ್ತಿರುವಾಗ ಆ ಸೊಸೆ ಮೆಲ್ಲನೆ ಮುಂದೆ ಬಂದು ತನ್ನ ಬಲಗೈ ಬಿಡಿಸಿ ತೋರಿಸಿದಳು. ತೋರುಬೆರಳಿನ ಬುಡದಲ್ಲಿ ತರಕಾರಿ ಹೆಚ್ಚುವ ಮೆಟ್ಟುಕತ್ತಿಯ ಗಾಯ, ಇನ್ನೂ ಒಣಗಿರಲಿಲ್ಲ. ದನ ಏನೂ ತಿನ್ನುವುದಿಲ್ಲವೆಂದು ಅವಳು ಗಂಜಿಯನ್ನು ಅಂಗೈಯಲ್ಲಿ ಹಿಡಿದು ಅದರ ಬಾಯಿಗೆ ಬಿಟ್ಟಿದ್ದಳು. ಜೊಲ್ಲನ್ನು ಆ ಕೈಯಲ್ಲೇ ಒರೆಸಿದ್ದಳು.

ನನಗೆ ಹೆದರಿಕೆಯಾಯಿತು. ಈ ರೋಗದಲ್ಲಿ ಮನುಷ್ಯ ಸಾಯುವುದನ್ನು ನಾನು ಒಮ್ಮೆ ನೋಡಿದ್ದೇನೆ. ನಾನು ಹಿಂದೆ ಇದ್ದ ಊರಿನಲ್ಲಿ ಹಾಲು ಹಾಕುತ್ತಿದ್ದವನು ಆತ. ಬಾಯಾರಿಕೆ, ಬಾಯಾರಿಕೆ ಎಂದು ಲೋಟ ಕೇಳುತ್ತಿದ್ದ, ಲೋಟ ಹತ್ತಿರ ತಂದರೆ ಕಿರುಚಿ ಗೋಡೆಗೆ ಒರಗುತ್ತಿದ್ದ. ಬುದ್ಧಿ ಸರಿಯಾಗಿಯೇ ಇತ್ತು, ತನಗೆ ಏನಾಗುತ್ತಿದೆ ಎಂಬುದು ಪೂರಾ ಗೊತ್ತಿತ್ತು. ಲಕ್ಷಣ ಒಮ್ಮೆ ಕಂಡರೆ ಯಾವ ಡಾಕ್ಟರೂ ಮಾಡುವಂಥದ್ದು ಏನೂ ಉಳಿಯುವುದಿಲ್ಲ.

ಸಾಬೂನು ಹಾಕಿ ನಳ್ಳಿಯ ಕೆಳಗೆ ಅವಳ ಕೈ ತೊಳೆಸಿದೆ. "ಈಗಲೇ ಹೊರಡಿ, ತಾಲೂಕು ಆಸ್ಪತ್ರೆಗೆ ಹೋಗುವ" ಎಂದೆ. ಅತ್ತೆ ಅಡ್ಡ ನಿಂತರು.

"ಬಸುರಿಗೆ ಸೂಜಿ ಬೇಡ. ಎಷ್ಟು ವರ್ಷಕ್ಕೆ ನಿಂತದ್ದು ಅಂತ ನಿಮಗೆ ಗೊತ್ತುಂಟಾ?"

"ಈ ಲಸಿಕೆ ಬಸುರಿಯರಿಗೂ ಕೊಡಬಹುದಮ್ಮ. ಮಗುವಿಗೆ ಏನೂ ಆಗುವುದಿಲ್ಲ."

"ನೀವು ದನದ ಡಾಕ್ಟ್ರಲ್ವಾ?"

ಆಸ್ಪತ್ರೆಯ ಲೇಡಿ ಡಾಕ್ಟರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ. ಅವರೂ ಅದನ್ನೇ ಹೇಳಿದರು. ಅತ್ತೆ ಒಪ್ಪಲಿಲ್ಲ. "ನೋಡದೆ ಫೋನಿನಲ್ಲಿ ಹೇಳುವವರನ್ನು ನಂಬುವುದು ಹೇಗೆ?" ಎಂದರು, ಬೆಳಿಗ್ಗೆ ಮಾವನ ಕೈಯಲ್ಲಿ ದನದ ವಿಡಿಯೊ ಕಳಿಸಿ ಮದ್ದು ಕೇಳಿದ ಮನೆಯವರು. ಗಲ್ಫಿನಿಂದ ಮಗ ವಿಡಿಯೊ ಕಾಲಿನಲ್ಲಿ ಬಂದ. "ಅಮ್ಮ, ಡಾಕ್ಟ್ರು ಹೇಳಿದ ಹಾಗೆ ಮಾಡಿ" ಎಂದು ಅವನು ಸ್ಪಷ್ಟವಾಗಿ ಹೇಳುತ್ತಿರುವಾಗಲೇ, ಅವನ ಹಿಂದಿನ ಗೋಡೆಯ ಕ್ಯಾಲೆಂಡರ್ ಕೂಡ ನಮಗೆ ಕಾಣುತ್ತಿರುವಾಗಲೇ, "ನೆಟ್‌ವರ್ಕ್ ಇಲ್ಲ" ಎಂದು ಅತ್ತೆ ಫೋನು ಆರಿಸಿದರು.

ಕೊನೆಗೆ ಅವರ ನಿಜವಾದ ವಾದ ಹೊರಬಂತು. "ಬೊಂಬಾಯಿ ಮಾವ ಮೊಣಕೈವರೆಗೆ ಕೈ ಹಾಕಿದವರು. ಅವರಿಗೇ ಬೇಡವಾದ ಇಂಜೆಕ್ಷನ್ ನನ್ನ ಸೊಸೆಗೆ ಯಾಕೆ? ಅವಳದು ಒಂದು ಬೆರಳು."

ಗೇಟಿನ ಹತ್ತಿರ ಸೊಸೆ ನನ್ನ ಹಿಂದೆಯೇ ಬಂದಳು. "ಡಾಕ್ಟ್ರೇ, ನನಗೆ ಹೆದರಿಕೆ ಆಗ್ತದೆ" ಎಂದಳು. ಹೇಗಾದರೂ ನೀವೇ ಹೊರಟುಬಿಡಿ ಎಂದೆ. "ನಾನು ಮಾತು ಮೀರಿ ಹೋಗಿ, ಮಗುವಿಗೆ ಎಂತಾದರೂ ಆದರೆ, ಆಯುಷ್ಯಪೂರ್ತಿ ಅದು ನನ್ನ ತಲೆಗೇ. ಅತ್ತೆಯ ಬಾಯಲ್ಲಿ ಹೋಗು ಅಂತ ಬರಬೇಕು." ಅವಳು ಗಾಯದ ಕೈಯನ್ನು ಹೊಟ್ಟೆಯಿಂದ ದೂರ, ಸ್ವಲ್ಪ ಬದಿಗೆ ಹಿಡಿದುಕೊಂಡಿದ್ದಳು. ಅದನ್ನು ನೋಡಿ ನನಗೆ ಅಳು ಬಂದಂತಾಯಿತು.

ಬೈಕ್ ಸ್ಟಾರ್ಟ್ ಮಾಡುವಾಗ ಅಂಗಳದಿಂದ ಮಾವನ ಸ್ವರ ಕೇಳುತ್ತಿತ್ತು: "ಹಾಕುವಾಗ ಬೆರಳು ಮಡಚಬಾರದು. ಅದೇ ಗುಟ್ಟು."

೫. ಮೀನಿನ ಪೆಟ್ಟಿಗೆ

ದನ ಮರುದಿನ ಸತ್ತಿತು. ಅಷ್ಟರವರೆಗೆ ಅದರ ಒಡೆದ ಕೂಗನ್ನು ಕೇಳಿದವರು ಯಾರೂ ಆ ವಿಷಯ ಮಾತಾಡುವುದಿಲ್ಲ. ನಾನೂ ಮಾತಾಡುವುದಿಲ್ಲ.

"ಪರೀಕ್ಷೆಯಲ್ಲಿ ಬರಲಿ, ಆಮೇಲೆ ನೋಡುವ" ಎಂದು ಅತ್ತೆ ಒಂದು ಹೆಜ್ಜೆ ಇಳಿದಿದ್ದರು. ಮೆದುಳಿನ ಚೂರು ತೆಗೆದು ಭದ್ರವಾಗಿ ಮುಚ್ಚಿ, ಐಸು ತುಂಬಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟೆ. ಅಂದು ನನ್ನ ಮೂಡಬಿದ್ರೆಯ ದಿನ. ಇಲಾಖೆಯ ಜೀಪು ಗ್ಯಾರೇಜಿನಲ್ಲಿತ್ತು, ಬೈಕಿನಲ್ಲಿ ಹಿಡಿದುಕೊಳ್ಳುವವರಿಲ್ಲ. ಮೂಡಬಿದ್ರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಮಂಗಳೂರಿನ ಪ್ರಯೋಗಾಲಯಕ್ಕೆ ಮುಟ್ಟಿಸುವುದೆಂದು ಪೆಟ್ಟಿಗೆ ತೊಡೆಯ ಮೇಲಿಟ್ಟು ಕುಳಿತೆ.

ನಮ್ಮ ಜಿಲ್ಲೆಯಲ್ಲಿ ಥರ್ಮೋಕೋಲ್ ಪೆಟ್ಟಿಗೆ ಎಂದರೆ ಮೀನು. ಬೇರೆ ಅರ್ಥ ಯಾರ ತಲೆಗೂ ಬರುವುದಿಲ್ಲ. ಪಕ್ಕದವರು ಮೂಗು ಅರಳಿಸಿ "ಬಂಗುಡೆಯಾ, ಬೂತಾಯಿಯಾ?" ಎಂದು ಕೇಳಿದರು. ಎರಡೂ ಅಲ್ಲ ಎಂದೆ. "ಹಾಗಾದರೆ ದುಬಾರಿ ಅಂಜಲ್. ನೀವು ಆಫೀಸರಲ್ವಾ!" ಎಂದು ಗೌರವದಿಂದ ಸ್ವಲ್ಪ ಸರಿದು ಕೂತರು. ಎದುರಿನ ಸೀಟಿನ ಹೆಂಗಸು ತಿರುಗಿ, ಇವತ್ತು ಮಾರ್ಕೆಟಿನಲ್ಲಿ ತಾಜಾ ಮೀನು ಇರಲೇ ಇಲ್ಲ, ನಿಮಗೆ ಎಲ್ಲಿ ಸಿಕ್ಕಿತು, ಮುಚ್ಚಳ ಒಮ್ಮೆ ತೆಗೆಯಿರಿ, ಕಿವಿರು ಕೆಂಪು ಉಂಟಾ ನೋಡುವ ಎಂದು ಕೈ ಚಾಚಿದರು.

ಈ ಊರಿನವರಿಗೆ ಕೈ ಹಾಕದೆ ನೋಡಲು ಬರುವುದೇ ಇಲ್ಲವೆಂದು ನನಗೆ ಸಿಟ್ಟು ಬಂತು. "ಮುಟ್ಟಬೇಡಿ" ಎಂದು ಗದರಿಬಿಟ್ಟೆ.

ಕಂಡಕ್ಟರ್ ಬಂದ. "ಮೀನಿಗೆ ಲಗೇಜ್ ಟಿಕೆಟ್ ಆಗಬೇಕು ಸರ್."

"ಮೀನಲ್ಲ."

"ಮತ್ತೆಂತ?"

"ಹುಚ್ಚುನಾಯಿ ಕಚ್ಚಿ ಸತ್ತ ದನದ ಮೆದುಳು."

ಬಸ್ಸಿನ ಹಿಂಭಾಗ ತುಂಬಿತು, ಮುಂಭಾಗದಲ್ಲಿ ನಾನೊಬ್ಬನೇ ಉಳಿದೆ. ಕಂಡಕ್ಟರ್ ಬಾಗಿಲ ಕಂಬ ಹಿಡಿದುಕೊಂಡು, ಬಹಳ ಯೋಚಿಸಿ ಹೇಳಿದ: "ಅದಕ್ಕೆ ಲಗೇಜ್ ಇಲ್ಲ ಸರ್. ನಿಮಗೂ ಟಿಕೆಟ್ ಬೇಡ. ಬೇಗ ಇಳಿದರೆ ಸಾಕು."

೬. ಬಿಪಿ ನೋಡಿಸಲು ಬಂದವರು

ಪ್ರಯೋಗಾಲಯದಿಂದ ಫೋನು ಬಂತು. ಅದೇ ರೋಗ. ಅತ್ತೆಗೆ ಹೇಳಿದರೆ ಅವರು, "ಅದು ದನಕ್ಕೆ ಬಂದದ್ದಲ್ವಾ, ಮಾವನಿಗೆ ಬಂದಿಲ್ಲವಲ್ಲ" ಎಂದರು.

ಉಳಿದವರ ಹೆಸರನ್ನಾದರೂ ಕೊಟ್ಟು ಕರೆಸುವ ಎಂದು ತಾಲೂಕು ಆಸ್ಪತ್ರೆಗೆ ಹೋದೆ. ಅಲ್ಲಿ ಹಾಲಿನ ಸೊಸೈಟಿಯ ಕಾರ್ಯದರ್ಶಿ ಬೆಂಚಿನ ಒಂದು ತುದಿಯಲ್ಲಿ ಪೇಪರು ಅಡ್ಡ ಹಿಡಿದು ಕೂತಿದ್ದರು. "ಬಿಪಿ ನೋಡಿಸಲಿಕ್ಕೆ ಬಂದದ್ದು" ಎಂದರು. ನಡುವೆ ಚಾ ಅಂಗಡಿಯ ಕಾಕ. ಅವರಿಗೂ ಬಿಪಿ. ಇನ್ನೊಂದು ತುದಿಯಲ್ಲಿ ತಲೆಗೆ ಟವೆಲು ಹೊದ್ದ ಟ್ಯಾಪಿಂಗಿನವನು. ಅವನಿಗೆ ಬಿಪಿ ಎಂದರೇನೆಂದು ಗೊತ್ತಿರಲಿಲ್ಲ, ಆದರೆ ಅವನಿಗೂ ಅದೇ. ಒಬ್ಬರನ್ನೊಬ್ಬರು ನೋಡದ ಹಾಗೆ ಮೂವರೂ ಎದುರಿನ ಗೋಡೆಯ ಬಾಣಂತಿಯ ಚಿತ್ರವನ್ನು ಅಭ್ಯಾಸ ಮಾಡುತ್ತಿದ್ದರು.

ಒಳಗಿನಿಂದ ನರ್ಸ್ ಇಣುಕಿ ಗಟ್ಟಿಯಾಗಿ ಕರೆದರು: "ದನದ ಬಾಯಿಗೆ ಕೈ ಹಾಕಿದವರು ಯಾರು? ಬನ್ನಿ."

ಮೂರು ಬಿಪಿಗಳೂ ಒಟ್ಟಿಗೆ ಎದ್ದು ನಿಂತವು.

೭. ಕಾಗದದ ಲೋಟ

ಮರುದಿನ ಬೆಳಿಗ್ಗೆ ಮೆಲ್ಕಾರಿನ ನನ್ನ ಮನೆಯ ಬೆಲ್ಲು ಬಡಿಯಿತು. ಬಾಗಿಲು ತೆರೆದರೆ ಬೊಂಬಾಯಿ ಮಾವ. ಇಸ್ತ್ರಿ ಅಂಗಿ, ವಾಚು, ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟು. ಮುಖ ಮಾತ್ರ ಸಣ್ಣದಾಗಿತ್ತು.

"ಡಾಕ್ಟ್ರೇ, ಊರಿನಲ್ಲಿ ನನ್ನನ್ನು ಯಾರೂ ಹತ್ತಿರ ಸೇರಿಸುವುದಿಲ್ಲ" ಎಂದರು. "ಕಾಕ ನನಗೆ ಈಗ ಕಾಗದದ ಲೋಟದಲ್ಲಿ ಚಾ ಕೊಡ್ತಾನೆ. ಲೋಟ ಬೆಂಚಿನ ಮೇಲಿಟ್ಟು ಹಿಂದೆ ಹೋಗಿ ನಿಲ್ತಾನೆ. ನಾನು ನೀರು ಕುಡಿಯುತ್ತೇನಾ ಇಲ್ವಾ ಅಂತ ಎಲ್ಲರೂ ನೋಡ್ತಾರೆ. ನಿನ್ನೆ ಕೆಮ್ಮಿದೆ, ಅಂಗಡಿ ಖಾಲಿ. ನನಗೆ ಏನೂ ಇಲ್ಲ ಅಂತ ಒಂದು ಸರ್ಟಿಫಿಕೇಟು ಬರೆದು ಕೊಡಿ."

"ಮೊಣಕೈವರೆಗೆ ಕೈ ಹಾಕಿದವರಿಗೆ ನಾನು ಹೇಗೆ ಬರೆದು ಕೊಡಲಿ?"

ಅವರು ಬಾಗಿಲ ಕಡೆ ನೋಡಿದರು, ಅಡುಗೆಮನೆಯ ಕಡೆ ನೋಡಿದರು, ಸ್ವರ ತಗ್ಗಿಸಿದರು. "ನಿಮ್ಮ ಹತ್ತಿರ ಮಾತ್ರ ಹೇಳುವುದು. ನಾನು ಕೈ ಹಾಕಲೇ ಇಲ್ಲ. ನನಗೆ ದನ ಅಂದರೆ ಹೆದರಿಕೆ ಡಾಕ್ಟ್ರೇ. ಬೊಂಬಾಯಿಯಲ್ಲಿ ನಾನು ಹಾಲಿನ ಪ್ಯಾಕೆಟು ಬಿಟ್ಟು ಬೇರೆ ಎಂತದನ್ನೂ ಮುಟ್ಟಿದವನಲ್ಲ."

ನನಗೆ ಅವರ ವಿಡಿಯೊ ನೆನಪಾಯಿತು. ಒಂದು ಕೈಯಲ್ಲಿ ಮೊಬೈಲು, ಒಂದು ಕೈಯಲ್ಲಿ ಕೊಡೆ. ಆ ಮನುಷ್ಯನಿಗೆ ಹಾಕಲು ಮೂರನೆಯ ಕೈ ಎಲ್ಲಿತ್ತು! ಸಿಟ್ಟು ನೆತ್ತಿಗೇರಿತು. "ನಿಮ್ಮ ಈ ಸುಳ್ಳು ಹಿಡಿದುಕೊಂಡು ಅಲ್ಲಿ ಒಬ್ಬಳು ಬಸುರಿಯನ್ನು ಸಾಯಲು ಬಿಟ್ಟಿದ್ದಾರೆ, ಗೊತ್ತುಂಟಾ ನಿಮಗೆ?" ಎಂದು ಕೂಗಿದೆ. ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದಳು. ಮಾವ ಕುರ್ಚಿಯ ಅಂಚಿಗೆ ಜಾರಿದರು. ಸೊಪ್ಪಿನ ರಾಶಿಯ ಆಚೆ ನಿಂತಿದ್ದ ಅವರಿಗೆ ಅತ್ತೆಯ ವಾದ ಕೇಳಿಸಿಯೇ ಇರಲಿಲ್ಲ. ಗೊತ್ತಾದ ಕೂಡಲೇ ಅವರ ಕಣ್ಣು ತುಂಬಿತು, ಅದನ್ನು ನಾನು ಹೇಳಲೇಬೇಕು.

"ಈಗಲೇ ಫೋನು ಮಾಡಿ ನಿಜ ಹೇಳಿ" ಎಂದೆ. ಅವರು ಮಾಡಿದರು, ಸ್ಪೀಕರಿಗೂ ಹಾಕಿದರು. ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಅವರು ಮಾತಾಡಿರಲಿಕ್ಕಿಲ್ಲ.

"ಅಕ್ಕ, ನಾನು... ಆ ದಿನ... ದನದ ಬಾಯಿಗೆ ನಾನು ಕೈ ಹಾಕಿದ್ದೇ ಇಲ್ಲ. ಸುಮ್ಮನೆ ಹೇಳಿದ್ದು."

ಆ ಕಡೆಯಿಂದ ಅತ್ತೆಯ ಸ್ವರ ನಿಧಾನವಾಗಿ ಬಂತು: "ಡಾಕ್ಟ್ರು ಹತ್ತಿರದಲ್ಲೇ ಇದ್ದಾರಲ್ವಾ? ನನ್ನ ಸೊಸೆಗೆ ಸೂಜಿ ಹಾಕಿಸಲಿಕ್ಕೆ ನಿಮ್ಮಂಥ ಸತ್ಯವಂತರ ಬಾಯಲ್ಲಿ ಸುಳ್ಳು ಹೇಳಿಸ್ತಾರಾ ಅವರು? ಹೋಗಲಿ, ನೀವಾದರೂ ಹೇಳುವುದಾ? ಹಾಕಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ."

ಫೋನು ಕಟ್ಟಾಯಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. "ಡಾಕ್ಟ್ರೇ" ಎಂದರು ಮಾವ ಸಣ್ಣ ಸ್ವರದಲ್ಲಿ, "ಕಂಡದ್ದು ಹೌದಾದರೆ... ನಾನು ನಿಜಕ್ಕೂ ಹಾಕಿದ್ದೇನಾ?"

೮. ಸುಳ್ಳಿಗೆ ಇಂಜೆಕ್ಷನ್

ನಿಜಕ್ಕೆ ಆ ಮನೆಯಲ್ಲಿ ಬೆಲೆ ಇಲ್ಲವೆಂದ ಮೇಲೆ ಸುಳ್ಳಿನ ಕೈಯಲ್ಲೇ ಕೆಲಸ ಮಾಡಿಸಬೇಕಾಯಿತು. "ನೀವು ಹೋಗಿ ಇಂಜೆಕ್ಷನ್ ತೆಗೆದುಕೊಳ್ಳಿ, ಅವರ ಕಣ್ಣೆದುರು" ಎಂದೆ. ಈ ಲಸಿಕೆಯಿಂದ ತೊಂದರೆಯಿಲ್ಲ, ನಮ್ಮಂಥವರು ಕಡಿತವಿಲ್ಲದೆಯೇ ಮುಂಚಿತವಾಗಿ ತೆಗೆದುಕೊಂಡಿರುತ್ತೇವೆ ಎಂದು ವಿವರಿಸಿದೆ. ಲೇಡಿ ಡಾಕ್ಟರಿಗೂ ಫೋನಿನಲ್ಲಿ ನಡೆದದ್ದೆಲ್ಲ ಹೇಳಿದೆ. ಅವರು ನಕ್ಕು, "ಕರೆದುಕೊಂಡು ಬನ್ನಿ" ಎಂದರು.

ಆಗ ಇನ್ನೊಂದು ನಿಜ ಹೊರಬಂತು. ಮಾವನಿಗೆ ದನಕ್ಕಿಂತ ಸೂಜಿಯ ಹೆದರಿಕೆ ಹೆಚ್ಚು.

ಆದರೂ ಬಂದರು. ಅತ್ತೆಗೆ ತಾವೇ ಫೋನು ಮಾಡಿ, "ಅಕ್ಕ, ನಿನ್ನೆಯಿಂದ ನನಗೆ ಕೈ ಜುಮುಜುಮು ಅಂತ ಉಂಟು. ನಾನು ಹೊರಟೆ. ನೀವೂ ಸೊಸೆಯನ್ನು ಕರೆದುಕೊಂಡು ಬನ್ನಿ, ನನಗೆ ಹಾಕಿದ್ದನ್ನು ನೋಡಿ, ಆಮೇಲೆ ಯೋಚಿಸುವ" ಎಂದರು. ಮೊದಲ ಬಾರಿ ಅವರ ಸುಳ್ಳು ನನಗೆ ಸಂಗೀತದಂತೆ ಕೇಳಿತು. ಅತ್ತೆ ಜೀಪು ಮಾಡಿಸಿಕೊಂಡು ಸೊಸೆಯೊಂದಿಗೆ ಬಂದರು.

ಮಾವನನ್ನು ಸ್ಟೂಲಿನ ಮೇಲೆ ಕೂರಿಸಿದರು. ನರ್ಸು ಸೂಜಿ ಎತ್ತಿದ ಕೂಡಲೇ ಅವರ ಮುಖ ಸುಣ್ಣವಾಯಿತು. ಸೊಸೆ ಪಕ್ಕದಲ್ಲಿ ನಿಂತು ಅವರ ಕೈ ಹಿಡಿದುಕೊಂಡಳು. "ಮಾವ, ಹೆದರಬೇಡಿ" ಎಂದಳು. ತನ್ನ ಜೀವವೇ ತೂಗುಯ್ಯಾಲೆಯಲ್ಲಿದ್ದವಳು ಅವರಿಗೆ ಧೈರ್ಯ ಹೇಳುತ್ತಿದ್ದಳು. ಅತ್ತೆ ಕಣ್ಣು ಮಿಟುಕಿಸದೆ ನೋಡುತ್ತಾ ನಿಂತರು. ಸೂಜಿ ಹೋಯಿತು, ಬಂತು. ಮಾವ ಬೀಳಲಿಲ್ಲ. ಒಂದು ಉಸಿರು ಬಿಟ್ಟು, "ಚಾ ಸಿಗ್ತದಾ ಇಲ್ಲಿ? ಗ್ಲಾಸಿನಲ್ಲಿ?" ಎಂದು ಕೇಳಿದರು.

ಅತ್ತೆ ಇನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸೊಸೆಯ ಬೆನ್ನಿನ ಮೇಲೆ ಕೈಯಿಟ್ಟು ಮುಂದೆ ನೂಕಿದರು. "ಹಾಕಿ" ಎಂದರು.

ಗಾಯವಿದ್ದವಳಾದ್ದರಿಂದ ಅವಳಿಗೆ ಲಸಿಕೆಯ ಜೊತೆಗೆ ಗಾಯದ ಒಳಗೇ ಇನ್ನೊಂದು ಮದ್ದು ಬಿಡಬೇಕಿತ್ತು. ಬೆರಳಿನ ಬುಡಕ್ಕೆ ಸೂಜಿ ಚುಚ್ಚುವುದು ಸಣ್ಣ ನೋವಲ್ಲ. ಅವಳು ಬಾಯಿ ಬಿಡಲಿಲ್ಲ, ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು. ಅತ್ತೆ ಸೆರಗಿನಿಂದ ಒರೆಸುತ್ತಾ ತಾವೂ ಅತ್ತರು. ತಡವಾಯಿತೋ ಏನೋ ಎಂದು ಲೇಡಿ ಡಾಕ್ಟರನ್ನು ಕೇಳುವ ಧೈರ್ಯ ನನಗೆ ಆಗಲಿಲ್ಲ.

ಹೊರಗೆ ಬರುವಾಗ ಮಾವ ನನ್ನನ್ನು ಬದಿಗೆ ಕರೆದರು.

"ಆಯ್ತಲ್ಲ ಡಾಕ್ಟ್ರೇ, ಇನ್ನು ನಾನು ಮನೆಯಲ್ಲಿರಬಹುದಲ್ಲ?"

"ಇಲ್ಲ. ಇನ್ನೂ ಕೆಲವು ಸಲ ಉಂಟು. ನೀವು ಬಾರದಿದ್ದರೆ ಅವರು ಅವಳನ್ನೂ ಕಳಿಸುವುದಿಲ್ಲ."

ಅವರು ನಂಬಲಾಗದೆ ನನ್ನನ್ನು ನೋಡಿದರು. "ಒಂದೇ ಒಂದು ಸುಳ್ಳು ಹೇಳಿದ್ದಕ್ಕಾ?"

೯. ತೊಟ್ಟಿಲು

ಅವರು ಒಂದು ಸಲವೂ ತಪ್ಪಿಸಲಿಲ್ಲ. ಪ್ರತಿ ಸಲ ಇಸ್ತ್ರಿ ಅಂಗಿ ಹಾಕಿಕೊಂಡು ಜೀಪಿನ ಮುಂದಿನ ಸೀಟಿನಲ್ಲಿ ಕೂತರು, ಪ್ರತಿ ಸಲ ಮುಖ ಸುಣ್ಣವಾಯಿತು, ಪ್ರತಿ ಸಲ ಸೊಸೆ ಕೈ ಹಿಡಿದುಕೊಂಡಳು.

ಆಮೇಲಿನ ತಿಂಗಳುಗಳು ನನಗೆ ಸುಲಭವಾಗಿರಲಿಲ್ಲ. ಈ ರೋಗ ಕೂಡಲೇ ಬಂದು ಮುಗಿಸುವುದಲ್ಲ, ಕಾಯಿಸುತ್ತದೆ. ಆ ಮನೆಯ ನಂಬರು ಮೊಬೈಲಿನಲ್ಲಿ ಬಂದರೆ ಊಟ ಬಿಟ್ಟು ಎದ್ದು ಹೊರಗೆ ಹೋಗಿ ಮಾತಾಡುತ್ತಿದ್ದೆ. ಒಂದು ಬೆಳಿಗ್ಗೆ ಅತ್ತೆ ಅಳುವ ಸ್ವರದಲ್ಲಿ "ಡಾಕ್ಟ್ರೇ, ಬೇಗ ಬನ್ನಿ, ನೀರು ಮುಟ್ಟುವುದಿಲ್ಲ" ಎಂದರು. ಹೇಗೋ "ಯಾರು?" ಎಂದೆ.

"ಕರು ಮಾರಾಯ್ರೆ, ಸತ್ತ ದನದ್ದು!"

ಆ ಕರುವಿಗೂ ನಾನು ಆಗಲೇ ಲಸಿಕೆ ಕೊಟ್ಟಿದ್ದೆ. ಬೈಕಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಬಾಯಿಗೆ ಬಂದ ದೇವರನ್ನೆಲ್ಲ ಕರೆದೆ. ಹೋಗಿ ನೋಡಿದರೆ ಅದು ಹಗ್ಗ ಬಿಚ್ಚಿಕೊಂಡು ಅಡುಗೆಮನೆಗೆ ನುಗ್ಗಿ ಒಂದು ಪಾತ್ರೆ ಗಂಜಿ ಕುಡಿದು ಉಬ್ಬಿಕೊಂಡು ಮಲಗಿತ್ತು. ಸೊಸೆ ಬಾಗಿಲಲ್ಲಿ ನಿಂತು, ಚೊಂಬಿನಿಂದ ನೀರು ಕುಡಿಯುತ್ತಾ ನೋಡುತ್ತಿದ್ದಳು. ಅವಳು ನೀರು ಕುಡಿಯುವುದನ್ನು ನಾನು ನೋಡುತ್ತಾ ನಿಂತೆ. ಕರುವನ್ನು ನೋಡಲು ಸ್ವಲ್ಪ ತಡವಾಯಿತು.

ಮಗು ಹುಟ್ಟಿತು. ಹೆಣ್ಣು. ತೊಟ್ಟಿಲಿಗೆ ಹಾಕುವ ದಿನ ನನಗೂ ಕರೆ ಬಂತು. ಗಲ್ಫಿನ ಮಗ ಬಂದಿದ್ದ. ಬಿಪಿಯ ಮೂವರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತಿದ್ದರು. ಸೊಸೆ ಮಗುವನ್ನು ತಂದು ನನ್ನ ಮಡಿಲಲ್ಲಿಟ್ಟಳು. ಅದು ನನ್ನ ಬೆರಳನ್ನು ಹಿಡಿದು ನೇರ ಬಾಯಿಗೆ ಹಾಕಿಕೊಂಡಿತು. ನನಗೆ ಕಣ್ಣು ಮಂಜಾಯಿತು.

ಅಷ್ಟರಲ್ಲಿ ಪಕ್ಕದಲ್ಲಿ, ದೂರದಿಂದ ಬಂದ ನೆಂಟರ ನಡುವೆ, ಬೊಂಬಾಯಿ ಮಾವ ಶುರುಮಾಡಿದ್ದರು.

"ಅಂದು ನಾನು ಕೈ ಹಾಕದೆ ಇರುತ್ತಿದ್ದರೆ" ಎಂದರು, ಸ್ಟೀಲಿನ ಗ್ಲಾಸಿನಿಂದ ಪಾಯಸ ಹೀರುತ್ತಾ, "ನಾನು ಆಸ್ಪತ್ರೆಗೆ ಹೋಗುತ್ತಿರಲಿಲ್ಲ. ನಾನು ಹೋಗದಿದ್ದರೆ ಇವಳೂ ಹೋಗುತ್ತಿರಲಿಲ್ಲ. ಇವಳು ಹೋಗದಿದ್ದರೆ ಈ ಮಗು ಎಲ್ಲಿರ್ತಿತ್ತು? ಡಾಕ್ಟ್ರೇ, ನೀವೇ ಹೇಳಿ. ಹೌದಾ, ಅಲ್ವಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಮಾವನ ಕಣ್ಣು ನನ್ನನ್ನು ಬೇಡಿಕೊಳ್ಳುತ್ತಿತ್ತು. ಮಗು ಬೆರಳು ಬಿಟ್ಟಿರಲಿಲ್ಲ. ಲೆಕ್ಕ ಹಾಕಿ ನೋಡಿದರೆ, ಅವರು ಹಾಕದ ಆ ಕೈಯಿಂದಲೇ ಎರಡು ಜೀವ ಉಳಿದದ್ದು.

"ಹೌದು" ಎಂದೆ.

ಮಾವ ಎದೆಯುಬ್ಬಿಸಿ ನೆಂಟರ ಕಡೆ ತಿರುಗಿ, ಅಂಗಿಯ ತೋಳು ಮೇಲೆ ಸರಿಸಿ ತೋರಿಸಿದರು. "ಮೊಣಕೈವರೆಗೆ!"

ಪಾಯಸದ ಸೌಟು ಹಿಡಿದು ಹಿಂದೆಯೇ ನಿಂತಿದ್ದ ಅತ್ತೆಗೆ ತಡೆಯಲಾಗಲಿಲ್ಲ. "ಮೊಣಕೈ ಅಲ್ಲ ಮಾವ, ನೀವು ಯಾವಾಗಲೂ ಕಡಿಮೆ ಹೇಳುವುದು" ಎಂದರು. "ಹೆಗಲವರೆಗೆ. ನಾನೇ ಕಣ್ಣಾರೆ ಕಂಡಿದ್ದೇನೆ."